ಸಹಾಯ ಬೇಕು: ನಾಯಿಗೆ ಗರ್ಭಕೋಶದಲ್ಲಿ ಕೀವು, ಆಪರೇಷನ್ ಎಲ್ಲಿ ಮಾಡ್ತಾರೆ?

ಎಲ್ರಿಗೂ ನಮಸ್ಕಾರ್ರೀ. ನಾವಿರೋದು ಗಂಗಾವತಿ, ಕೊಪ್ಪಳ ಜಿಲ್ಲೆ. ನಮ್ಮ ಕರಿಗೆ 9 ವರ್ಷ, ಬೀದಿಯಿಂದ ತಂದು ಸಾಕಿದ ನಾಯಿ. ಮೂರು ದಿನದಿಂದ ರೊಟ್ಟಿ ಮೂಸಿಯೂ ನೋಡ್ತಿಲ್ಲ, ಹಾಲಲ್ಲಿ ನೆನೆಸಿಟ್ರೂ ಇಲ್ಲ. ನೀರು ಮಾತ್ರ ಬೋಗುಣಿಗಟ್ಟಲೆ ಕುಡೀತಾಳೆ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ, ಅದಕ್ಕೇ ಇರಬೇಕು ಅಂತ ಸುಮ್ನಿದ್ದೆ. ತಪ್ಪು ನಂದೇ.

ಬೆದೆ ಮುಗಿದು ಆರು ವಾರ ಆಗಿತ್ತು. ನಿನ್ನೆ ಬಾಲದ ಕೆಳಗೆ ರಕ್ತ ಬೆರೆತ ಕೀವು, ಕೆಟ್ಟ ವಾಸನೆ. ಸ್ಕ್ಯಾನ್ ಮಾಡಿಸಿದ್ರೆ ಪಯೋಮೆಟ್ರಾ, ಅಂದ್ರೆ ಗರ್ಭಕೋಶದಲ್ಲಿ ಕೀವು ತುಂಬಿದೆ. ಕೀವು ಹೊರಗೆ ಬರ್ತಿರೋದೇ ಪುಣ್ಯ, ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ರೆ ಒಳಗೇ ಒಡೆಯೋ ಅಪಾಯ ಇನ್ನೂ ಜಾಸ್ತಿ ಅಂದ್ರು ಡಾಕ್ಟರು. ಆಂಟಿಬಯೋಟಿಕ್, ಸಲೈನ್ ಶುರುವಾಗಿದೆ. ಆದರೆ ಗರ್ಭಕೋಶ, ಅಂಡಾಶಯ ಎರಡೂ ತೆಗೆಸಬೇಕು, ತಡ ಮಾಡಿದ್ರೆ ರಕ್ತಕ್ಕೆ ನಂಜೇರುತ್ತೆ, ಆ ಸೌಲಭ್ಯ ತಮ್ಮಲ್ಲಿಲ್ಲ ಅಂತ ಹೇಳಿದ್ರು.

ಹೊಸಪೇಟೆ, ಬಳ್ಳಾರಿ, ಇಲ್ಲಾಂದ್ರೆ ಗದಗದ ವೆಟರ್ನರಿ ಕಾಲೇಜು, ಎಲ್ಲಿ ನಾಳೆ ಭಾನುವಾರವೇ ಮಾಡ್ತಾರೆ? ಖರ್ಚೆಷ್ಟು ಆಯ್ತು ನಿಮಗೆ? ಮಾಡಿಸಿದವರು ದಯವಿಟ್ಟು ಇವತ್ತೇ ಹೇಳಿ. ಗಾಡಿ ರೆಡಿ ಇದೆ. ಅರಿಶಿನದ ಮದ್ದು ಮಾತ್ರ ಬೇಡ್ರೀ.

ಹಾಂ, ಮನೇಲಿ ಹೆಣ್ಣು ಬೆಕ್ಕೂ ಐತಿ. ಬೆಕ್ಕಿಗೂ ಇದು ಬರುತ್ತಂತೆ, ಅದಕ್ಕೂ ಅಲ್ಲೇ ಸಂತಾನಹರಣ ಮಾಡಿಸಬಹುದಾ?