ಅಪ್‌ಡೇಟ್: ಎಡಕುಮೇರಿಯಲ್ಲಿ ಇಳಿಯಬಹುದೇ ಎಂದು ಕೇಳಿದ್ದೆ

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಎಡಕುಮೇರಿ ನಿಲ್ದಾಣದಲ್ಲಿ ಇಳಿದು, ಹಳಿಗುಂಟ ಒಂದಿಷ್ಟು ನಡೆದು ಬರಬಹುದೇ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಇಳಿಯಲಿಲ್ಲ. ಹಳಿಯ ಮೇಲಿನ ಚಾರಣಕ್ಕೆ ನಿಷೇಧವಿದೆ; ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಗಲು ರೈಲಿನಲ್ಲಿ ಮಂಗಳೂರಿಗೆ ಹೋಗುತ್ತಾ ಕಿಟಕಿಯಿಂದಲೇ ನೋಡಿದೆ.

ಅದೃಷ್ಟ ಚೆನ್ನಾಗಿತ್ತು. ಒಂಟಿ ಹಳಿಯ ಮಾರ್ಗವಲ್ಲವೇ, ಎದುರಿನಿಂದ ಬರುವ ಗೂಡ್ಸ್‌ಗಾಗಿ ನಮ್ಮ ರೈಲು ಅಲ್ಲೇ ನಿಂತಿತು. ಪಾಚಿ ಹಿಡಿದ ಗೋಡೆ, ಹಸಿರು ಬಾವುಟ ಹಿಡಿದು ರೇನ್‌ಕೋಟಿನಲ್ಲಿ ನಿಂತ ಒಬ್ಬ ಸಿಬ್ಬಂದಿ, ಸುತ್ತ ಕಾಡು. ಊರೆಂಬುದು ಕಣ್ಣಿಗೆ ಬೀಳಲಿಲ್ಲ. ಗೂಡ್ಸ್ ಏದುಸಿರು ಬಿಡುತ್ತಾ ಏರಿ ಬಂತು. ಹಿಂದಿನಿಂದಲೂ ಎಂಜಿನ್‌ಗಳು ತಳ್ಳುತ್ತಿದ್ದವು. ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ದಾರಿ ಇದು. ಬ್ರೇಕ್ ವಿಫಲವಾಗಿ ಇಳಿಜಾರಿನಲ್ಲಿ ಜಾರುವ ರೈಲನ್ನು ತಡೆಯಲೆಂದೇ ಈ ಘಾಟಿಯಲ್ಲಿ ಪ್ರತ್ಯೇಕ ಏರು ಹಳಿಗಳನ್ನೂ ಹಾಕಿದ್ದಾರೆ. ಸುರಂಗಗಳು 57, ಎಣಿಸಲು ಹೊರಟ ಪಕ್ಕದ ಸೀಟಿನ ಹುಡುಗ ಅರ್ಧಕ್ಕೇ ನಿದ್ದೆ ಹೋದ.

ಮಳೆಗಾಲದಲ್ಲಿ ಹೋಗುವವರು ಹೊರಡುವ ಮುನ್ನ ರೈಲು ಓಡುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಸಂಚಾರ ನಿಂತಿತ್ತು. ವಿಸ್ಟಾಡೋಮ್ ಬೋಗಿಯ ಬಗ್ಗೆ ಕೇಳಿದ್ದವರಿಗೆ: ಗಾಜಿನ ಚಾವಣಿ ಚೆಂದ, ಆದರೆ ಮಣ್ಣಿನ ವಾಸನೆ ಬೇಕಿದ್ದರೆ ಸಾಮಾನ್ಯ ಬೋಗಿಯ ತೆರೆದ ಕಿಟಕಿಯೇ ಸರಿ.