ಪೋಷಕ ನಟಿಯ ಚಿತ್ರಪಟ್ಟಿ: ಒಬ್ಬರ ಸಿನಿಮಾ ಇನ್ನೊಬ್ಬರ ಖಾತೆಗೆ ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಹಳೇರೀಲು (ಪ್ರಶ್ನೆ):
ಕನ್ನಡದ ಪೋಷಕ ನಟಿಯರ ಬಗ್ಗೆ ವಿಕಿಪೀಡಿಯಕ್ಕೆ ಲೇಖನ ಸಿದ್ಧವಾಗಬೇಕಿದೆ, ಉಮಾಶ್ರೀ ಅವರಿಂದ ಶುರು. ಅಂತರ್ಜಾಲದ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಂದೇ ಚಿತ್ರಕ್ಕೆ ಎರಡು ವರ್ಷ, ‘ಲಕ್ಷ್ಮೀದೇವಿ’ ಅಂದರೆ ಇಬ್ಬರ ಚಿತ್ರಗಳೂ ಒಟ್ಟಿಗೆ. ಎಲ್ಲಿಂದ ಹಿಡಿಯಬೇಕು? ಧಾರಾವಾಹಿಗಳನ್ನು ಹೇಗೆ ಸೇರಿಸುವುದು?

ನೆಲಬೆಂಚು:
ಹೆಸರಿನಿಂದಲೇ ಹಿಡಿಯಿರಿ. ಎಂ.ಎನ್. ಲಕ್ಷ್ಮೀದೇವಿ ಬೇರೆ, ಆದವಾನಿ ಲಕ್ಷ್ಮೀದೇವಿ ಬೇರೆ. ಬಿ. ಜಯಮ್ಮ, ಬಿ. ಜಯಾ, ಬಿ. ಜಯಶ್ರೀ ಅಂತೂ ಮೂವರು: ಜಯಮ್ಮ ಗುಬ್ಬಿ ವೀರಣ್ಣನವರ ಪತ್ನಿ, ಜಯಶ್ರೀ ವೀರಣ್ಣನವರ ಮೊಮ್ಮಗಳು, ಜಯಾ ಹಾಸ್ಯನಟಿ. ‘ಬಿ. ಜಯ...’ ಅಂತ ಅರ್ಧ ಓದಿದವರು ಯಾರ ಚಿತ್ರವನ್ನು ಯಾರಿಗೆ ಬೇಕಾದರೂ ಕೊಟ್ಟುಬಿಡುತ್ತಾರೆ.

ಪಟ್ಟಿಯಲ್ಲಿ ಒಂದು ಕಾಲಂ ಟೈಟಲ್ ಕಾರ್ಡಿಗೇ ಮೀಸಲಿರಲಿ, ಅಲ್ಲಿ ಕಂಡ ಅಕ್ಷರಗಳನ್ನು ಇದ್ದ ಹಾಗೇ ಬರೆಯಿರಿ. ಹಳೆಯ ಚಿತ್ರಗಳಲ್ಲಿ ಹೆಸರುಗಳು ಶುರುವಿನಲ್ಲೇ ಬರುತ್ತವೆ. ಯೂಟ್ಯೂಬಿಗೆ ಹಾಕುವವರು ಎಷ್ಟೋ ಸಲ ಅದನ್ನೇ ಕತ್ತರಿಸಿರುತ್ತಾರೆ, ಹಾಗಾಗಿ ಬೇರೆ ಪ್ರತಿ ಸಿಗುತ್ತದಾ ಹುಡುಕಿ. ಹಾಡಿನ ಪುಸ್ತಕವನ್ನು ಮಾತ್ರ ನಂಬಿ ಕೂರಬೇಡಿ, ಬಿಡುಗಡೆಗೆ ಮೊದಲೇ ಅಚ್ಚಾಗಿದ್ದರೆ ಆಮೇಲೆ ಎಡಿಟಿಂಗಿನಲ್ಲಿ ಹೋದ ಪಾತ್ರವೂ ಅದರಲ್ಲಿ ಉಳಿದಿರುತ್ತದೆ.

ಶುಕ್ರವಾರ:
ಎರಡು ವರ್ಷ ಬರುವುದು ಬಹುಮಟ್ಟಿಗೆ ಸೆನ್ಸಾರ್ ಪತ್ರದಿಂದ. ಡಿಸೆಂಬರಿನಲ್ಲಿ ಪತ್ರ ಸಿಕ್ಕು ಜನವರಿಯಲ್ಲಿ ತೆರೆಕಂಡರೆ ಒಬ್ಬರು ಹಿಂದಿನ ವರ್ಷ ಬರೆಯುತ್ತಾರೆ, ಇನ್ನೊಬ್ಬರು ಮುಂದಿನದು. ಬಿಡುಗಡೆ ವಾರದ ಪತ್ರಿಕೆಯ ಜಾಹೀರಾತು ನೋಡಿ ತೀರ್ಮಾನಿಸಿ.

ಪ್ರಶಸ್ತಿಯಲ್ಲಿ ಇನ್ನೂ ಗೊಂದಲ. ‘ಗುಲಾಬಿ ಟಾಕೀಸ್’ಗಾಗಿ ಉಮಾಶ್ರೀ ಅವರಿಗೆ ಬಂದದ್ದು 2007ನೇ ಸಾಲಿನ, ಅಂದರೆ 55ನೇ ರಾಷ್ಟ್ರೀಯ ಪ್ರಶಸ್ತಿ. ಪ್ರಕಟವಾದದ್ದು 2009ರಲ್ಲಿ. ಎರಡೂ ವರ್ಷಗಳನ್ನು ಬೇರೆಬೇರೆ ಸಾಲಿನಲ್ಲಿ ಹಾಕಿದರೆ ಒಂದೇ ಪ್ರಶಸ್ತಿ ಎರಡಾಗುತ್ತದೆ! ಅದು ಅತ್ಯುತ್ತಮ ನಟಿ ಪ್ರಶಸ್ತಿ, ಪೋಷಕ ನಟಿಯದ್ದಲ್ಲ. ರಾಷ್ಟ್ರಮಟ್ಟದಲ್ಲಿ ಪೋಷಕ ನಟಿ ವಿಭಾಗ ಶುರುವಾದದ್ದೇ 1984ನೇ ಸಾಲಿನಿಂದ. ಅದಕ್ಕೂ ಹಿಂದಿನ ಚಿತ್ರಕ್ಕೆ ಆ ಪ್ರಶಸ್ತಿ ಅಂತ ಎಲ್ಲಾದರೂ ಕಂಡರೆ ಕಣ್ಣುಮುಚ್ಚಿ ತೆಗೆದುಹಾಕಿ.

ಹಳೇರೀಲು:
ಸರಿ. ಹಾಗಾದರೆ ‘ಪೋಷಕ ನಟಿ’ ಅಂತ ಯಾರನ್ನು ಕರೆಯುವುದು?

ಪರದೆಹಿಂದೆ:
ಆ ಹಣೆಪಟ್ಟಿ ವ್ಯಕ್ತಿಗಲ್ಲ, ಪಾತ್ರಕ್ಕೆ. ಪಂಢರೀಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, ಮುಂದೆ ಅವರಿಗೇ ತಾಯಿ. ಇಡೀ ಜೀವನವನ್ನು ‘ತಾಯಿ ಪಾತ್ರ’ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸೋಮಾರಿತನ ಅಷ್ಟೇ. ಪಾತ್ರಕ್ಕೆ ಒಂದು ಕಾಲಂ, ಸ್ಥಾನಕ್ಕೆ ಇನ್ನೊಂದು ಇರಲಿ: ನಾಯಕಿ, ಪೋಷಕ, ಹಾಸ್ಯ, ಅತಿಥಿ.

ಉಮಾಶ್ರೀ ಅವರದ್ದೂ ಹಾಗೇ. ‘ಒಡಲಾಳ’ ನಾಟಕದ ಸಾಕವ್ವನ ಪಾತ್ರವನ್ನು ಬಿಟ್ಟರೆ ರಂಗಭೂಮಿಯ ಅರ್ಧ ಕಥೆಯೇ ಹೋಗುತ್ತದೆ. ಚಿತ್ರಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ನಾಟಕಗಳಿಗೆ ಬೇರೆ ಪಟ್ಟಿ ಮಾಡಿ. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದದ್ದು ಕೂಡ ಬೇರೆ ವಿಭಾಗಕ್ಕೆ. ಆ ವರ್ಷ ನೋಡಿ ‘ನಟನೆ ಬಿಟ್ಟರು’ ಅಂತ ಊಹಿಸಬೇಡಿ, ಮೊದಲೇ ಚಿತ್ರೀಕರಣ ಮುಗಿದ ಸಿನಿಮಾ ಆಮೇಲೆ ತೆರೆಕಾಣುವುದುಂಟು.

ಧಾರಾವಾಹಿಗೆ ಒಂದೇ ಸಾಲು ಸಾಕು: ವಾಹಿನಿ, ಪಾತ್ರದ ಹೆಸರು, ಪಾತ್ರ ಮೊದಲು ಕಂಡ ತಿಂಗಳು, ಕೊನೆಗೆ ಕಂಡ ತಿಂಗಳು. ಧಾರಾವಾಹಿ ಶುರುವಾದ ದಿನ ಬೇರೆ, ನಟಿ ಒಳಬಂದ ದಿನ ಬೇರೆ. ನಡುವೆ ಪಾತ್ರ ಕೈಬದಲಾದರೆ ಇಬ್ಬರ ಹೆಸರನ್ನೂ ಅವಧಿ ಸಮೇತ ಬರೆಯಿರಿ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಬಂದ ‘ಪುಟ್ಟಕ್ಕನ ಮಕ್ಕಳು’ನಲ್ಲಿ ಉಮಾಶ್ರೀ ಪುಟ್ಟಕ್ಕನೇ. ಅದನ್ನೂ ‘ಪೋಷಕ’ ಅಂತ ಹಾಕಿದ ಪಟ್ಟಿಗಳಿವೆ, ನಕಲು ಮಾಡಿಬಿಟ್ಟೀರಿ.