ಡೇಟನ್ ಏರ್‌ಫೋರ್ಸ್ ಮ್ಯೂಸಿಯಂ: ಒಂದೇ ದಿನ ಇದೆ, ಯಾವ ಕಡೆಯಿಂದ ಶುರು ಮಾಡೋದು?

ಪುಷ್ಪಕ_07
ಒಹಾಯೋದ ಡೇಟನ್‌ನಲ್ಲಿರುವ ಅಮೆರಿಕ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂಗೆ ಒಂದು ದಿನ ಇಟ್ಟುಕೊಂಡಿದ್ದೇವೆ. ಜೊತೆಗೆ ಅಪ್ಪ ಬರುತ್ತಾರೆ, ಮಂಡಿನೋವಿದೆ. ಎಕ್ಸ್‌ಬಿ-70 (ಪ್ರಾಯೋಗಿಕ ಸೂಪರ್‌ಸಾನಿಕ್ ಬಾಂಬರ್) ಮತ್ತು ಅಧ್ಯಕ್ಷ ಕೆನಡಿ ಬಳಸಿದ ವಿಮಾನ ನೋಡಲೇಬೇಕು. ಟಿಕೆಟ್ ಮೊದಲೇ ಮಾಡಿಸಬೇಕಾ? ಯಾವ ಹ್ಯಾಂಗರ್ ಮೊದಲು? ಲೆನ್ಸ್ ಯಾವುದು ತರಲಿ?

ಲ್ಯಾಂಡಿಂಗ್‌ಗೇರ್
ಪ್ರವೇಶ, ಪಾರ್ಕಿಂಗ್ ಎರಡೂ ಪುಕ್ಕಟೆ. ದುಡ್ಡು ಕೇಳುವುದು ಥಿಯೇಟರ್, ಸಿಮ್ಯುಲೇಟರ್‌ಗಳಿಗೆ ಮಾತ್ರ. ಬೆಳಿಗ್ಗೆ 9ರಿಂದ ಸಂಜೆ 5. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಜನವರಿ 1 ರಜೆ. ಬಜೆಟ್ ಜಗಳದಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳು ಬಂದ್ ಆದರೆ ಇದಕ್ಕೂ ಬೀಗ ಬೀಳಬಹುದು, 2013ರ ಅಕ್ಟೋಬರ್‌ನಲ್ಲಿ ಬಿದ್ದಿತ್ತು. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಮ್ಯಾಪ್‌ನಲ್ಲಿ ಬರೀ ‘ರೈಟ್-ಪ್ಯಾಟರ್ಸನ್’ ಅಂತ ಹಾಕಬೇಡಿ. ವಾಯುನೆಲೆಯ ಗೇಟಿಗೆ ಹೋಗಿ ನಿಲ್ಲುತ್ತೀರಿ, ಪಾಸ್ ಇಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ. ನಿಮಗೆ ಬೇಕಾದದ್ದು ಸ್ಪ್ರಿಂಗ್‌ಫೀಲ್ಡ್ ಸ್ಟ್ರೀಟ್ ಕಡೆಯ 28ಬಿ ಗೇಟ್. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಇದೆ, ಜೇಬಿನ ಚಾಕು ಕಾರಲ್ಲೇ ಇರಲಿ.

ಒಳಾಂಗಣವೇ 19 ಎಕರೆ, ಸಾಲಾಗಿ ನಾಲ್ಕು ಹ್ಯಾಂಗರ್. ನಿಮಗೆ ಬೇಕಾದ ಎರಡೂ 4ನೆಯದರಲ್ಲಿ, ಅಂದರೆ ಕಟ್ಟಕಡೆಗಿವೆ. ಬಾಗಿಲಲ್ಲೇ ಅಪ್ಪನಿಗೆ ಗಾಲಿಕುರ್ಚಿ ಕೇಳಿ (ಬಾಡಿಗೆಯಿಲ್ಲ, ಮೊದಲು ಬಂದವರಿಗೆ ಮೊದಲು), ಅಕ್ಕಪಕ್ಕ ನೋಡದೆ ನೇರ 4ಕ್ಕೆ ನಡೆಯಿರಿ. ಹೊರಬರುವುದೂ ಅದೇ ಬಾಗಿಲಿಂದ, ಹಾಗಾಗಿ ನಡಿಗೆ ಹೆಚ್ಚಾಗುವುದಿಲ್ಲ. ವಾಪಸ್ ಬರುತ್ತಾ 3, 2, 1.

4ಕ್ಕೇ ಮೊದಲು ಯಾಕೆಂದರೆ, ಅಧ್ಯಕ್ಷರ ವಿಮಾನಗಳ ಒಳಗೆ ಎರಡೂ ಬದಿ ಪಾರದರ್ಶಕ ಗೋಡೆ, ನಡುವೆ ಒಬ್ಬರು ಹೋಗುವಷ್ಟೇ ಜಾಗ. ಮುಂದಿನವರು ನಿಂತರೆ ಹಿಂದಿನವರೆಲ್ಲ ನಿಂತಂತೆ, ಜನ ಸೇರುವ ಮುಂಚೆಯೇ ಮುಗಿಸಿ. ಬೆನ್ನಿಗೆ ದಪ್ಪ ಬ್ಯಾಗಿದ್ದರೆ ಅಡ್ಡ ತಿರುಗಿಯೇ ಹೋಗಬೇಕು. ಗಾಲಿಕುರ್ಚಿ ಹಿಡಿಸುವುದಿಲ್ಲ, ಅಪ್ಪ ಅಲ್ಲಿ ನಡೆದೇ ದಾಟಬೇಕಾಗುತ್ತದೆ. ಕೆನಡಿ ವಿಮಾನದಲ್ಲಿ (ಸ್ಯಾಮ್ 26000, ಮೂಲತಃ ಬೋಯಿಂಗ್ 707) ಹಿಂಬದಿಯ ಅಡ್ಡಗೋಡೆ ನೋಡದೆ ಇಳಿಯಬೇಡಿ. 1963ರ ನವೆಂಬರ್ 22ರಂದು ಹತ್ಯೆಯಾದ ಕೆನಡಿಯ ಶವಪೆಟ್ಟಿಗೆ ಇಡಲು ಸೀಟು ಕಿತ್ತು, ಅದನ್ನು ಗರಗಸದಲ್ಲಿ ಕೊಯ್ದಿದ್ದರು.

ರೆಕ್ಕೆಬಡಿತ
ಬಾಕಿಯೆಲ್ಲ ಸರಿ, ಆದರೆ ಹಿಂದುಮುಂದಾಗಿ ನೋಡಿದರೆ ಕಾಲಕ್ರಮ ತಪ್ಪಿ ಕಥೆ ಕೆಡುತ್ತದೆ. 1ರಲ್ಲಿ ಎರಡನೇ ಮಹಾಯುದ್ಧದ ಬಾಂಬರ್ ಬಿ-29 ನೋಡಿದ ಕಣ್ಣಿಗೇ 3ರಲ್ಲಿರುವ, ಅದರ ನಂತರದ ಬಾಂಬರ್ ಬಿ-36ರ 70 ಮೀಟರ್ ರೆಕ್ಕೆ, ಆರು ಪಿಸ್ಟನ್ ಎಂಜಿನ್ ಜೊತೆಗೆ ನಾಲ್ಕು ಜೆಟ್ ಯಾಕೆ ಬೇಕಾಯಿತು ಅನ್ನುವುದು ಹೊಳೆಯುವುದು. ಮಂಡಿನೋವಿನ ಲೆಕ್ಕದಲ್ಲಿ 4 ಮೊದಲು ಅನ್ನುವುದನ್ನು ಒಪ್ಪುತ್ತೇನೆ. ಆದರೆ 1ಕ್ಕೆ ಕೊನೆಯ ಒಂದೂವರೆ ಗಂಟೆ ಕಟ್ಟಿಡಿ, ಅರ್ಧ ಗಂಟೆಯಲ್ಲಿ ಓಡಿ ಮುಗಿಸುವ ಹ್ಯಾಂಗರ್ ಅದಲ್ಲ.

ಅಲ್ಲಿ ಮೆಂಫಿಸ್ ಬೆಲ್ ಎಂಬ ಬಾಂಬರ್‌ನ ಮೂತಿಯ ಎರಡೂ ಬದಿ ನೋಡಿ: ಎಡಕ್ಕೆ ಚಿತ್ರದ ಹುಡುಗಿಯ ಉಡುಪು ನೀಲಿ, ಬಲಕ್ಕೆ ಕೆಂಪು. ನಾಗಸಾಕಿಗೆ ಬಾಂಬ್ ಹಾಕಿದ ಬಿ-29, ಬಾಕ್ಸ್‌ಕಾರ್, ಕೂಡ ಅಲ್ಲೇ ಇದೆ. ಅದರ ಮೂತಿಯ ರೈಲುಡಬ್ಬಿಯ ಚಿತ್ರ ಬರೆದದ್ದು ಆ ದಾಳಿಯಾದ ಮೇಲೆ. ಹಳೆಯ ಫೋಟೊ ಎದುರಿಟ್ಟುಕೊಂಡು ಚಿತ್ರ ಇದೆ, ಇಲ್ಲ ಅಂತ ವಾದಿಸುವವರು ಇದನ್ನೇ ಮರೆಯುತ್ತಾರೆ.

3 ಮತ್ತು 4ರ ನಡುವಿನ ಕ್ಷಿಪಣಿ ಗೋಪುರದಲ್ಲಿ ಕೆಳಗೆ ಐದು, ಮೇಲಿನ ಅಟ್ಟಣಿಗೆಯಲ್ಲಿ ಐದು ನಿಮಿಷ ಸಾಕು.

ಕತ್ತಲೆಕೋಣೆ
ಫೋಟೊ ವಿಚಾರ. ಒಳಗೆ ಮಬ್ಬು ಬೆಳಕು, ಬೇಕಂತಲೇ ಹಾಗಿಟ್ಟಿದ್ದಾರೆ. ಹೆಚ್ಚು ಬೆಳಕು ಬಿದ್ದರೆ ಹಳೆಯ ಬಟ್ಟೆ, ಬಣ್ಣ ಮಾಸುತ್ತವೆ. ಫುಲ್‌ಫ್ರೇಮ್ ಕ್ಯಾಮೆರಾ ಆದರೆ 16–24 ಎಂಎಂ ಲೆನ್ಸ್, ಎಫ್/4, 1/30 ಸೆಕೆಂಡ್, ಐಎಸ್‌ಒ 3200ರಿಂದ ಶುರು ಮಾಡಿ. ಫ್ಲ್ಯಾಶ್‌ನಿಂದ ಪ್ರಯೋಜನವಿಲ್ಲ: ನಾಲ್ಕೈದು ಮೀಟರ್ ಆಚೆಗೆ ಮುಟ್ಟುವುದಿಲ್ಲ, ಹತ್ತಿರದ ಫಲಕ ಮಾತ್ರ ಫಳಫಳ ಅನ್ನುತ್ತದೆ. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗುತ್ತದೆ, ಬೆಳ್ಳಿಬಣ್ಣದ ಬಾಕ್ಸ್‌ಕಾರ್ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ರಾ ಫೈಲ್‌ನಲ್ಲೇ ತೆಗೆಯಿರಿ. ಬೇರೆಬೇರೆ ದೀಪಗಳ ಬಣ್ಣ ಆಮೇಲೆ ಸರಿಮಾಡಬಹುದು.

ಎಕ್ಸ್‌ಬಿ-70ರ ಉದ್ದ 56 ಮೀಟರ್, ಸುತ್ತಲೂ ಬೇರೆ ವಿಮಾನಗಳು ಒತ್ತಿಕೊಂಡಿವೆ. ಪಕ್ಕದಿಂದ ಪೂರ್ತಿ ಹಿಡಿಯುವ ಆಸೆ ಬಿಡಿ. ಹಿಂದೆ ಹೋಗಿ ಆರು ಎಂಜಿನ್ ಬಾಯಿಗಳು ಒಂದೇ ಸಾಲಲ್ಲಿ ಬರುವಂತೆ ನೇರ ನಿಂತು ತೆಗೆಯಿರಿ. ಕಟ್ಟಿದ್ದೇ ಎರಡು, ಇನ್ನೊಂದು 1966ರ ಜೂನ್ 8ರಂದು ಎಫ್-104 ಯುದ್ಧವಿಮಾನ ಡಿಕ್ಕಿಯಾಗಿ ಬಿತ್ತು. ಹಾಗಾಗಿ ಹಿಂಬದಿಯ ಆ ಫೋಟೊ ಬೇರೆಲ್ಲೂ ಸಿಗುವುದಿಲ್ಲ.